ಪ್ರತಿಕ್ರಿಯೆ: ಗ್ರಂಥಾಲಯಗಳ ಸಂಘಕ್ಕೆ ಯಾರು ಅಧ್ಯಕ್ಷರಾಗಬೇಕು?

ತುಮಕೂರು ಜಿಲ್ಲೆಯ ಕಾಲೇಜು ಗ್ರಂಥಾಲಯಗಳ ಸಂಘಕ್ಕೆ ನಿವೃತ್ತ ಪ್ರಾಂಶುಪಾಲರನ್ನು ಅಧ್ಯಕ್ಷರನ್ನಾಗಿ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು, ಹಾರ ತುರಾಯಿಗೆ ಕೊರತೆಯಾಗದು! ನನ್ನ ಮತ ಮಾತ್ರ ಸೇವೆಯಲ್ಲಿರುವ ಗ್ರಂಥಪಾಲಕರಿಗೆ; ಚಂದಾದ ತಾಪತ್ರಯ ದಿನವೂ ಎದುರಿಸುವವರು ಅವರೇ. ಸಂಶೋಧನಾ ಪತ್ರಿಕೆಗಳಿಗೆ ಕೇಂದ್ರ ಸರ್ಕಾರವೇ ಚಂದಾ ಕಟ್ಟುವ, 2025ರಲ್ಲಿ ಆರಂಭವಾದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಮೊದಲ ಹಂತದಲ್ಲಿ ಸರ್ಕಾರಿ ಸಂಸ್ಥೆಗಳಿಗಷ್ಟೇ ಸಿಕ್ಕಿತು. ಖಾಸಗಿ ಕಾಲೇಜುಗಳು ಇ-ಪುಸ್ತಕ, ಇ-ಪತ್ರಿಕೆ ಒದಗಿಸುವ ಎನ್‌-ಲಿಸ್ಟ್‌ನಂಥ (ಗ್ರಂಥಾಲಯಗಳನ್ನು ಜೋಡಿಸುವ ಯುಜಿಸಿ ಕೇಂದ್ರ ಇನ್‌ಫ್ಲಿಬ್‌ನೆಟ್‌ನದು) ಸೇವೆಗೆ ಶುಲ್ಕ ಕಟ್ಟಬೇಕು. ಸರ್ಕಾರಿ, ಖಾಸಗಿ ಕಾಲೇಜುಗಳೆರಡೂ ಒಂದೇ ಸಂಘದಲ್ಲಿದ್ದಾಗ ಅಧ್ಯಕ್ಷರು ಯಾರ ಪರ ಮಾತನಾಡುತ್ತಾರೆ? ಸಂದರ್ಶನದಲ್ಲಿ ಇದನ್ನೇ ಕೇಳಿ. ಉತ್ತರ ತಡವರಿಸಿದರೆ ಮುಂದಿನವರನ್ನು ಕರೆಯಿರಿ.

ಇನ್ನೊಂದು ಮಾತು. ಆಯ್ಕೆಗೆ ಮೊದಲೇ ಆ ಗ್ರಂಥಪಾಲಕರ ಕಾಲೇಜಿನ ಆಡಳಿತ ಮಂಡಳಿಯಿಂದ ಸಂಘದ ಸಭೆಗಳಿಗೆ ಅನ್ಯ ಕಾರ್ಯ ನಿಮಿತ್ತ (ರಜೆ ಹಾಕದೆ ಹೊರಗೆ ಹೋಗುವ) ಅನುಮತಿಯನ್ನು ಲಿಖಿತವಾಗಿ ಪಡೆಯಿರಿ. ಪಾವಗಡದವರು ತುಮಕೂರಿಗೆ ಬಂದು ಹೋಗುವುದರಲ್ಲೇ ದಿನ ಮುಗಿಯುತ್ತದೆ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇದ್ದರೆ ವಾರ್ಷಿಕ ಲೆಕ್ಕಪತ್ರಕ್ಕೆ ಒಬ್ಬ ಗಟ್ಟಿ ಕಾರ್ಯದರ್ಶಿಯೂ ಬೇಕು.