58ರ ವಯಸ್ಸಿಗೆ ಒಗ್ಗುವ ಸುಲಭದ ಬಂಡೆ

ನಮಸ್ಕಾರ. ಒಳಾಂಗಣ ಕ್ಲೈಂಬಿಂಗ್ ಗೋಡೆಯಲ್ಲಷ್ಟೇ ಅಭ್ಯಾಸವಿರುವ, ಮಂಡಿನೋವೂ ಇರುವ 58ರ ತಮಗೆ ಬೆಂಗಳೂರಿನ ಆಸುಪಾಸಿನಲ್ಲಿ ಏರಲು ನಿಜಕ್ಕೂ ಸುಲಭವಾದ ಬಂಡೆ ಯಾವುದೆಂದು ಕೇಳಿದ್ದೀರಿ.

ಗ್ರೇಡ್‌ಗಿಂತ (ಮಾರ್ಗದ ಕಷ್ಟವನ್ನು ಹೇಳುವ ಅಂಕಿ) ಮೊದಲು ಬಂಡೆಯ ಓರೆಯನ್ನು ನೋಡಿ. ರಾಮನಗರದ ಗ್ರಾನೈಟ್‌ನಲ್ಲಿ ಒರಗಿ ಮಲಗಿದಂಥ ಸ್ಲ್ಯಾಬ್‌ಗಳಿದ್ದು, ಅಲ್ಲಿ ಭಾರವೆಲ್ಲ ಕಾಲಿನ ಮೇಲೆಯೇ ನಿಲ್ಲುವುದರಿಂದ ತೋಳ್ಬಲ ಹೆಚ್ಚು ಬೇಕಾಗದು. ಆದರೆ ಹಿಡಿಯಲು ಏನೂ ಸಿಗದೆ ಶೂವಿನ ರಬ್ಬರನ್ನೇ ನಂಬಬೇಕಾಗುವುದರಿಂದ, ಫ್ರೆಂಚ್ ಗ್ರೇಡ್‌ನಲ್ಲಿ ಸುಲಭದ 4 ಎನಿಸಿಕೊಂಡ ಮಾರ್ಗವೂ ಅಂಜುಬುರುಕರಿಗೆ (ನಾನೂ ಆ ಗುಂಪಿನವನೇ) ಅದಕ್ಕಿಂತ ಕಷ್ಟದ 6ರಂತೆ ಕಾಣುತ್ತದೆ. ಹಿಮ್ಮಡಿ ತಗ್ಗಿಸಿ, ಸೊಂಟವನ್ನು ಬಂಡೆಯಿಂದ ತುಸು ದೂರವಿಟ್ಟು, ಗೇಣುದ್ದದ ಹೆಜ್ಜೆಗಳಲ್ಲಿ ಏರಿದರೆ ಮಂಡಿಗೂ ಹಿತ. ಬಾದಾಮಿಯ ಮರಳುಗಲ್ಲಿನ ಅಡ್ಡ ಸೀಳುಗಳಲ್ಲಿ ಕೈತುಂಬ ಹಿಡಿತ ಸಿಗುತ್ತದೆಯಾದರೂ ಗೋಡೆಗಳು ನೆಟ್ಟಗಿರುವುದರಿಂದ ಅದನ್ನು ಮುಂದಿನ ಪ್ರವಾಸಕ್ಕಿಟ್ಟುಕೊಳ್ಳಿ.

ಮೊದಲ ದಿನ ಲೀಡ್ (ಹಗ್ಗವನ್ನು ತಾವೇ ಸಿಕ್ಕಿಸಿಕೊಳ್ಳುತ್ತ ಮೊದಲಿಗರಾಗಿ ಏರುವುದು) ಬೇಡ. ಅನುಭವಿಗಳು ಮೇಲೆ ಆಂಕರ್ (ಹಗ್ಗಕ್ಕೆ ಭದ್ರ ಆಧಾರ) ಕಟ್ಟಿಕೊಟ್ಟ ಟಾಪ್ ರೋಪ್, ಅಂದರೆ ಮೇಲಿನಿಂದ ಇಳಿಬಿಟ್ಟ ಹಗ್ಗ, ಸಾಕು. ಬಂಡೆಯ ಬುಡಕ್ಕೆ ಹೋಗುವ ದಾರಿಯನ್ನೂ ತಪ್ಪದೆ ವಿಚಾರಿಸಿ, ಏಕೆಂದರೆ ಮುಳ್ಳುಪೊದೆಗಳ ನಡುವಿನ ಆ ಏರಿಳಿತವೇ ಎಷ್ಟೋ ಸಲ ಮಂಡಿಯನ್ನು ದಣಿಸುತ್ತದೆ. ರಾಮನಗರದ ರಾಮದೇವರ ಬೆಟ್ಟವು 2012ರಿಂದ ರಣಹದ್ದುಗಳ ವನ್ಯಧಾಮವಾಗಿರುವುದರಿಂದ ಅರಣ್ಯ ಇಲಾಖೆಯನ್ನು ಕೇಳದೆ ಅಲ್ಲಿ ಏರಲು ಹಗ್ಗ ಹಾಕಬೇಡಿ; ಬೇರೆಡೆಯಾದರೂ ತಲೆಯ ಮೇಲೆ ಹೆಜ್ಜೇನಿನ ಹುಟ್ಟಿದೆಯೇ ಎಂದು ಒಮ್ಮೆ ಕಣ್ಣೆತ್ತಿ ನೋಡಿ.