ಕಾಟಿನ ಕೆಳಗೆ ಇರೋದೆಲ್ಲ ಕಸ ಅಲ್ಲ ತಂಗೀ

ಓದುಗರ ಪತ್ರ (ಹೆಸರು ಹಾಕಬೇಡ್ರಿ ಅಂದಿದ್ದಾಳೆ, ಹಾಕಿಲ್ಲ. ಪತ್ರ ಉದ್ದ ಇತ್ತು, ಮುಖ್ಯವಾದಷ್ಟು ಇಲ್ಲಿದೆ):

"ನಮಸ್ಕಾರ್ರಿ. ನಮ್ಮೂರು ಇಂಡಿ ತಾಲೂಕು. ಪುಣೆ ಸದಾಶಿವ ಪೇಠದಾಗ ಕಾಟ್ ಬೇಸಿಸ್ ಮ್ಯಾಲೆ ಅದೀನಿ, ಒಂದು ರೂಮಿಗೆ ಮೂರು ಮಂದಿ. ಸಿಎ ಇಂಟರ್ (ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಯ ನಡುವಿನ ಹಂತ) ಎರಡನೇ ಗ್ರೂಪ್ ಆಗೇದ, ಮೊದಲನೇದು ಎರಡು ಸಲ ಹೋತು. ರೂಮಿಗೆ ಬಂದ್ರ ಎದಿ ಭಾರ ಆಗ್ತದ್ರಿ. ಕಾಟಿನ ಮ್ಯಾಲೆ ಪುಸ್ತಕ, ಕೆಳಗ ಪುಸ್ತಕ, ಅವ್ವ ಕಳಿಸಿದ ಡಬ್ಬಿ, ಹಳೇ ಅರಿವಿ. ನಾನಾ ಸೋಮಾರಿ ಅನಸ್ತದ. ರೂಮ್‌ಮೇಟ್ ಎಲ್ಲಾ ಒಗದುಬಿಡು ಅಂತಾಳ. ಪುಸ್ತಕ ರದ್ದಿಗೆ ಹಾಕೂದು ಪಾಪ ಅನಸ್ತದ. ರೂಮ್ ಸ್ವಚ್ಛ ಮಾಡಿದ್ರ ಟೆನ್ಷನ್ ಖರೇನ ಕಡಿಮಿ ಆಗ್ತದೇನ್ರಿ? ಅವ್ವಗ ಡಬ್ಬಿ ಸಾಕು ಅಂತ ಹೆಂಗ ಹೇಳ್ಲಿ?"

ಸಂಪಾದಕರ ಉತ್ತರ:

ತಂಗೀ, ನೀನು ಸೋಮಾರಿ ಅಲ್ಲ, ಮೊದಲು ಅದನ್ನ ತಲೆಯಿಂದ ತೆಗಿ. ನಿನ್ನ ಪತ್ರದಲ್ಲೇ ಇದೆ, ದಿನಾ ಬೆಳಿಗ್ಗೆ ಎಲ್ಲಾ ಎತ್ತಿ ಕೆಳಗಿಡ್ತೀನಿ, ರಾತ್ರಿ ಓದೋಕೆ ಮತ್ತೆ ಮೇಲಿಡ್ತೀನಿ ಅಂತ. ಇಷ್ಟು ಎತ್ತಿಡೋಳು ಸೋಮಾರಿ ಹೆಂಗಾಗ್ತಾಳೆ? ಕೆಲಸ ಆಗ್ತಾನೇ ಇದೆ, ಆದ್ರೆ ಒಂದು ವಸ್ತುನೂ ಕಡಿಮೆ ಆಗ್ತಿಲ್ಲ, ಅದಕ್ಕೇ ಸುಸ್ತು.

ಪುಣೆ ಗೊತ್ತಿಲ್ಲದ ಓದುಗರಿಗೆ ಒಂದು ಮಾತು ಹೇಳಬೇಕು. ಕಾಟ್ ಬೇಸಿಸ್ ಅಂದ್ರೆ ಅಲ್ಲಿ ಬಾಡಿಗೆ ರೂಮಿಗಲ್ಲ, ಒಂದು ಮಂಚಕ್ಕೆ. ಸದಾಶಿವ ಪೇಠೆ, ನಾರಾಯಣ ಪೇಠೆ ಕಡೆ ಸ್ಪರ್ಧಾತ್ಮಕ ಪರೀಕ್ಷೆ ಅಂತ ಬಂದಿರೋ ಹುಡುಗ ಹುಡುಗಿಯರು ಸಾವಿರಾರು ಮಂದಿ ಹೀಗೇ ಇರೋದು, ಒಂದು ಮಂಚ, ಕಪಾಟಿನಲ್ಲಿ ಒಂದು ಖಾನೆ, ಅದೃಷ್ಟ ಇದ್ರೆ ಕಿಟಕಿ ಪಕ್ಕ. ಮಲಗೋದು ಅದರ ಮೇಲೆ, ಮೆಸ್ಸಿನ ಡಬ್ಬಾ ಬಿಚ್ಚಿ ಉಣ್ಣೋದು ಅದರ ಮೇಲೆ, ಅಭ್ಯಾಸಿಕಾ ಅನ್ನೋ ಓದೋ ಕೋಣೆ ಮುಚ್ಚಿದ ಮೇಲೆ ಓದೋದೂ ಅದರ ಮೇಲೇ. ಹಾಗಾಗಿ ಮನೆ ಚೊಕ್ಕಟ ಮಾಡೋಕೆ ಇಂಟರ್‌ನೆಟ್ಟಲ್ಲಿ ಸಿಗೋ ಸಲಹೆ ಮುಕ್ಕಾಲು ಪಾಲು ನಿನಗೆ ಉಪಯೋಗಕ್ಕೆ ಬರಲ್ಲ, ಅವರು ಹಾಲ್, ಕಿಚನ್, ವಾರ್ಡ್‌ರೋಬ್ ಅಂತ ಶುರು ಮಾಡ್ತಾರೆ, ನಿನಗಿರೋದು ಆರಡಿ ಉದ್ದ ಮೂರಡಿ ಅಗಲ.

ಇನ್ನು ಖರೇನ ಟೆನ್ಷನ್ ಕಡಿಮೆ ಆಗುತ್ತಾ ಅಂದ್ರೆ, ಸ್ವಲ್ಪ ಆಗುತ್ತೆ, ಮತ್ತೆ ಆ ಸ್ವಲ್ಪಕ್ಕೂ ಬೆಲೆ ಇದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಡಾರ್ಬಿ ಸ್ಯಾಕ್ಸ್‌ಬಿ ಮತ್ತೆ ರೆನಾ ರೆಪೆಟ್ಟಿ ಅನ್ನೋ ಇಬ್ರು ಮನೋವಿಜ್ಞಾನಿಗಳು ಗಂಡ ಹೆಂಡತಿ ಇಬ್ರೂ ದುಡಿಯೋ ಮನೆಗಳಲ್ಲಿ ಒಂದು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ್ರು. ಅವರವರ ಮನೆ ಅವರೇ ತೋರಿಸ್ತಾ ಮಾತಾಡೋಕೆ ಹೇಳಿ, ಯಾರು ಎಂಥ ಶಬ್ದ ಬಳಸ್ತಾರೆ ನೋಡಿದ್ರು. ಮನೆ ತುಂಬಾ ಸಾಮಾನು, ಅರ್ಧಕ್ಕೆ ನಿಂತ ಕೆಲಸ ಅಂತ ಜಾಸ್ತಿ ಹೇಳಿದ ಹೆಂಗಸರಲ್ಲಿ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನು ಬೆಳಿಗ್ಗೆಯಿಂದ ಸಂಜೆಗೆ ಇಳಿಯಬೇಕಾದಷ್ಟು ಇಳೀತಿರಲಿಲ್ಲ. ಸಾಮಾನಿಂದಲೇ ಹೀಗಾಯ್ತು ಅಂತ ಇದರಿಂದ ಸಾಬೀತಾಗಲ್ಲ, ಒತ್ತಡ ಇರೋರಿಗೆ ಮನೆ ಹಾಗೆ ಕಾಣಬಹುದು. ಆದ್ರೂ ಅರ್ಧಕ್ಕೆ ನಿಂತ ಕೆಲಸ ಅನ್ನೋ ಮಾತು ನನ್ನ ಮನಸ್ಸಲ್ಲಿ ಉಳೀತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ 2011ರಲ್ಲಿ ಇನ್ನೊಂದು ಬಂತು, ಕಣ್ಣೆದುರು ಹಲವು ವಸ್ತು ಒಟ್ಟಿಗೇ ಇದ್ರೆ ಮಿದುಳಿನಲ್ಲಿ ಅವು ಒಂದರ ಜೊತೆ ಒಂದು ಪೈಪೋಟಿ ಮಾಡ್ತವೆ, ಬೇಕಾದ್ದರ ಮೇಲೆ ಗಮನ ಇಡೋಕೆ ಹೆಚ್ಚು ಶ್ರಮ ಬೀಳುತ್ತೆ ಅಂತ. ನೀನು ಬರೆದಿದ್ದೀಯಲ್ಲ, ಲಾ ಪುಸ್ತಕ ಹಿಡಿದ್ರೆ ಕಣ್ಣು ಅಕೌಂಟ್ಸ್ ಕಡೆ ಹೋಗ್ತದ, ಅಲ್ಲಿಂದ ಟ್ಯಾಕ್ಸ್ ಕಡೆ ಹೋಗ್ತದ ಅಂತ, ಅದೇ ಇದು.

ನಿನ್ನ ರಾಶಿಯಲ್ಲಿ ಪ್ರತಿಯೊಂದೂ ಒಂದೊಂದು ತೀರ್ಮಾನ ಕೇಳ್ತಿದೆ. ಟ್ಯಾಕ್ಸ್ ಪುಸ್ತಕ ಎತ್ತಿದ್ರೆ ಮತ್ತೆ ಬರೀತೀಯಾ ಇಲ್ವಾ ಅಂತ ಕೇಳುತ್ತೆ, ಡಬ್ಬಿ ಎತ್ತಿದ್ರೆ ಊರಿಗೆ ಯಾವಾಗ ಅಂತ, ಹಳೇ ಡ್ರೆಸ್ ಎತ್ತಿದ್ರೆ ಯಾರಿಗೆ ಕೊಡ್ತೀಯಾ ಅಂತ. ಉತ್ತರ ಗೊತ್ತಿಲ್ಲ ಅಂತ ಮತ್ತೆ ಕೆಳಗಿಡ್ತೀಯ. ಭಾರ ಅನಿಸೋದು ಅದೇ ಅಂತ ನನ್ನ ನಂಬಿಕೆ. ಅದಕ್ಕೆ ರೂಮ್‌ಮೇಟ್ ಹೇಳಿದ ಹಾಗೆ ಎಲ್ಲಾ ಎಸೆಯೋದು ಬೇಡ, ಒಂದೊಂದಕ್ಕೂ ಮುಂದಿನ ಜಾಗ ಯಾವುದು ಅಂತ ಹೇಳಿ ಮುಗಿಸೋಣ.

ಪುಸ್ತಕದಿಂದ ಶುರು ಮಾಡು, ಪಾಪದ ಮಾತು ಎತ್ತಿದ್ದೀಯಲ್ಲ. ನನಗೆ ಅರ್ಥ ಆಗುತ್ತೆ, ಪುಸ್ತಕಕ್ಕೆ ಕಾಲು ತಾಗಿದ್ರೆ ಕಣ್ಣಿಗೆ ಒತ್ಕೊಳ್ಳೋ ಮನೆಯಲ್ಲಿ ಬೆಳೆದೋಳು ನೀನು, ಖಂಡೇನವಮಿಗೆ ಪುಸ್ತಕ ಪೂಜೆಗಿಟ್ಟೋಳು. ಆದ್ರೆ ತೆರಿಗೆ ಪುಸ್ತಕಕ್ಕೆ ಆಯುಷ್ಯ ಇದೆ ತಂಗೀ. ಪ್ರತಿ ವರ್ಷ ಬಜೆಟ್ ಆದ್ಮೇಲೆ ಫೈನಾನ್ಸ್ ಆ್ಯಕ್ಟ್ ಬಂದು ದರ, ಮಿತಿ ಎಲ್ಲಾ ತಿದ್ದುಪಡಿ ಆಗ್ತವೆ. ಈಗಂತೂ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ, ಜಾರಿ ದಿನಾಂಕ 2026ರ ಏಪ್ರಿಲ್ 1, ಸೆಕ್ಷನ್ ನಂಬರ್ ಬೇರೆ, ಪ್ರೀವಿಯಸ್ ಇಯರ್, ಅಸೆಸ್‌ಮೆಂಟ್ ಇಯರ್ ಅಂತ ಎರಡೆರಡು ಹೆಸರು ಬಾಯಿಪಾಠ ಮಾಡಿದ್ದೂ ಹೋಗಿ ಅದರಲ್ಲಿ ಟ್ಯಾಕ್ಸ್ ಇಯರ್ ಅಂತ ಒಂದೇ. ನಿನ್ನ ಮುಂದಿನ ಅಟೆಂಪ್ಟಿಗೆ ಯಾವುದು ಅನ್ವಯ ಅಂತ ಸಿಎ ಪರೀಕ್ಷೆ ನಡೆಸೋ ಸಂಸ್ಥೆ ಐಸಿಎಐ ಸೂಚನೆ ಹೊರಡಿಸುತ್ತೆ, ಅದನ್ನ ಡೌನ್‌ಲೋಡ್ ಮಾಡಿ ಪಕ್ಕದಲ್ಲಿಟ್ಕೊಂಡು ಕಾಟಿನ ಕೆಳಗಿನ ರಾಶಿ ಎಳಿ. ಸೂಚನೆಗೆ ಹೊಂದದ ಟ್ಯಾಕ್ಸ್ ಪುಸ್ತಕ ಇಟ್ಕೊಂಡ್ರೆ ನಷ್ಟ ನಿನಗೇ, ಅವಸರದಲ್ಲಿ ಹಳೇ ಮಿತಿ ಓದಿ ಅದನ್ನೇ ಪರೀಕ್ಷೆಯಲ್ಲಿ ಬರೆದುಬಿಡ್ತೀಯ. ಅದು ಮೊದಲು ಹೋಗಲಿ. ಆರ್‌ಟಿಪಿ (ರಿವಿಜನ್ ಟೆಸ್ಟ್ ಪೇಪರ್), ಮಾಕ್ ಪೇಪರ್ ಅಂತ ಪ್ರಿಂಟ್ ತೆಗೆಸಿದ್ದು ಎಲ್ಲಾ ಐಸಿಎಐ ಸೈಟಲ್ಲಿ ಬಿಟ್ಟಿ ಸಿಗುತ್ತೆ, ಅದೂ ಹೋಗಲಿ. ಎರಡನೇ ಗ್ರೂಪ್ ಪಾಸಾಗಿದೆ, ಆ ಪುಸ್ತಕ ಚೆನ್ನಾಗಿದ್ರೆ ಕ್ಲಾಸಲ್ಲಿ ಅದೇ ಗ್ರೂಪ್ ಬರೆಯೋ ಜೂನಿಯರಿಗೆ ಕೊಡು, ಇಲ್ಲಾ ಅಪ್ಪಾ ಬಳವಂತ ಚೌಕದಲ್ಲಿ ಹಳೇ ಪುಸ್ತಕ ತಗೊಳ್ಳೋರ ಹತ್ರ ವಿಚಾರಿಸು, ನಿನ್ನ ರೂಮಿಂದ ನಡ್ಕೊಂಡೇ ಹೋಗಬಹುದು.

ಕೈಬರಹದ ನೋಟ್ಸ್ ಮಾತ್ರ ಮುಟ್ಟಬೇಡ. ಸ್ವಂತ ಕೈಯಲ್ಲಿ ಬರೆದದ್ದು ನೋಡಿದ ಕೂಡಲೇ ಪಾಠ ನೆನಪಾಗುತ್ತೆ, ಪ್ರಿಂಟ್ ಮಾಡಿದ್ದು ಹಾಗಾಗಲ್ಲ. ಟ್ಯಾಕ್ಸಿಂದು ಬಿಟ್ಟು ಉಳಿದದ್ದು ಒಂದು ಫೈಲಿಗೆ ಹಾಕಿ ದಿಂಬಿನ ಕಡೆ ಇಡು. ಮತ್ತೆ, ಎರಡು ಸಲ ಫೇಲ್ ಆದ ಮಾರ್ಕ್ಸ್‌ಶೀಟ್ ಪ್ರಿಂಟು ಪುಸ್ತಕದೊಳಗೆ ಮಡಚಿಟ್ಟಿದ್ದೀನಿ ಅಂತ ಒಂದು ಸಾಲು ಬರೆದಿದ್ದೆ. ಅದನ್ನ ಊರಿಗೆ ಕಳಿಸು, ಅಥವಾ ಸ್ಕ್ಯಾನ್ ಮಾಡಿ ಹರಿದುಹಾಕು, ಓದೋ ಪುಸ್ತಕದಲ್ಲಿ ಬೇಡ. ಪುಟ ತಿರುವಿದಾಗೆಲ್ಲ ಅದೇ ಕಣ್ಣಿಗೆ ಬಿದ್ರೆ ಯಾರಿಗೆ ತಾನೇ ಓದೋಕೆ ಮನಸ್ಸು ಬರುತ್ತೆ.

ರದ್ದಿ ಕೊಡುವಾಗ ಒಣಗಿದ್ದು ಕೊಡು. ಪುಣೆಯಲ್ಲಿ ಮನೆ ಬಾಗಿಲಿಗೆ ಬಂದು ಕಸ ತಗೊಂಡು ಹೋಗೋ ಹೆಂಗಸರಲ್ಲಿ ಬಹಳ ಮಂದಿ ಸ್ವಚ್ಛ್ ಅನ್ನೋ ಸಹಕಾರಿ ಸಂಸ್ಥೆಯವರು, 1993ರಲ್ಲಿ ಕಟ್ಟಿದ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಅನ್ನೋ ಚಿಂದಿ ಆಯೋರ ಸಂಘಟನೆಯಿಂದ ಹುಟ್ಟಿದ್ದು ಅದು. ಒಣ ಕಸದಲ್ಲಿ ಮಾರೋಕಾಗೋದು ಮಾರಿ ಬಂದ ದುಡ್ಡು ಅವರಿಗೇ. ಸಾರು ಚೆಲ್ಲಿದ ಕಾಗದಕ್ಕೆ ಬೆಲೆ ಇಲ್ಲ. ರದ್ದಿವಾಲಾನಿಗೆ ಕೊಟ್ಟು ನಾಲ್ಕು ಕಾಸು ತಗೋ ಅಥವಾ ಕಟ್ಟು ಕಟ್ಟಿ ಅವರ ಕೈಗೆ ಕೊಡು, ಪಾಪದ ಪ್ರಶ್ನೆ ಅಲ್ಲಿಗೆ ಮುಗೀತು, ಆ ಕಾಗದ ಒಂದು ಮನೆಯ ಊಟಕ್ಕೆ ಆಗುತ್ತೆ.

ಬಟ್ಟೆ ವಿಷಯ. ನಮ್ಮ ಕಡೆ ಯಾವ ಮನೆಯಲ್ಲೂ ಹಳೇ ಸೀರೆ ಎಸೀತಿರಲಿಲ್ಲ, ಕೌದಿ ಹೊಲೀತಿದ್ರು. ಅದು ಜಿಪುಣತನ ಆಗಿರಲಿಲ್ಲ, ಹಳೇ ವಸ್ತುವಿಗೆ ಮುಂದಿನ ಕೆಲಸ ಏನು ಅಂತ ಅಜ್ಜಿಯಂದಿರಿಗೆ ಗೊತ್ತಿತ್ತು. ನಿನಗೂ ಎಸೆಯೋ ಮನಸ್ಸಿಲ್ಲ ಅಂದ್ರೆ ಆ ಮನಸ್ಸು ಒಳ್ಳೇದೇ, ಬದಲಾಯಿಸ್ಕೋಬೇಡ. ಆದ್ರೆ ಅಜ್ಜಿಗೆ ಅಟ್ಟ ಇತ್ತು, ಗಂಟು ಕಟ್ಟಿ ಹಾಕಿದ್ರೆ ದೀಪಾವಳಿ ತನಕ ಯಾರೂ ಕೇಳ್ತಿರಲಿಲ್ಲ. ನಿನಗೆ ಅಟ್ಟ ಇಲ್ಲ. ಈ ಸಲ ಊರಿಗೆ ಹೋಗುವಾಗ ಒಂದು ದೊಡ್ಡ ಚೀಲದಲ್ಲಿ ತುಂಬ್ಕೊಂಡು ಹೋಗಿ ಅವ್ವನ ಹತ್ರ ಕೊಡು, ಕೌದಿಗೆ ಆಗೋದು ಆಗಲಿ, ತಂಗಿ ತಮ್ಮಂದಿರಿಗೆ ಆಗೋದು ಆಗಲಿ. ಇಲ್ಲಿ ಉಡೋದು ಮಾತ್ರ ಇಲ್ಲಿರಲಿ.

ಒಂದೇ ದಿನ ಎಲ್ಲಾ ಮಾಡೋಕೆ ಹೋಗಬೇಡ, ಇದು ಒತ್ತಿ ಹೇಳ್ತೀನಿ. ಪರೀಕ್ಷೆ ಹತ್ರ ಬಂದಾಗ ಇಡೀ ಭಾನುವಾರ ರೂಮ್ ತೊಳೆದು, ಸಂಜೆಗೆ ಓದಿಲ್ಲ ಅಂತ ಅಳೋ ಹುಡುಗಿಯರು ಬೇಕಾದಷ್ಟು ಇದ್ದಾರೆ. ಮೊದಲ ದಿನ ಮಂಚದ ಮೇಲಿನದು ಮಾತ್ರ. ರಾತ್ರಿ ಮಲಗೋ ಹೊತ್ತಿಗೆ ಮಂಚದ ಮೇಲೆ ಹಾಸಿಗೆ, ದಿಂಬು, ನೀನು, ಇಷ್ಟೇ ಇರಬೇಕು. ಒಂದು ಗಟ್ಟಿ ಪಿಶವಿ (ಕೈಚೀಲ) ತಗೊಂಡು ನಾಳೆ ಓದೋ ಒಂದು ಸಬ್ಜೆಕ್ಟ್ ಅದರೊಳಗೆ ಹಾಕಿ ಗೋಡೆ ಮೊಳೆಗೆ ತಗಲಿಸು, ಬೆಳಿಗ್ಗೆ ಅದನ್ನೇ ಹೆಗಲಿಗೆ ಹಾಕ್ಕೊಂಡು ಅಭ್ಯಾಸಿಕಾಗೆ ಹೋಗು. ಮಿಕ್ಕಿದ ಸಬ್ಜೆಕ್ಟ್ ಅವತ್ತು ಕಣ್ಣಿಗೆ ಬೀಳಬಾರದು. ಇಷ್ಟು ಒಂದು ವಾರ ನಡೆದ ಮೇಲೆ ಕಾಟಿನ ಕೆಳಗೆ ಕೈ ಹಾಕು, ದಿನಕ್ಕೆ ಒಂದು ಡಬ್ಬ, ಇಪ್ಪತ್ತು ನಿಮಿಷ, ಮೊಬೈಲಲ್ಲಿ ಅಲಾರಂ ಇಟ್ಟು. ಮತ್ತೆ ಈ ಕೆಲಸ ಮಳೆಗೆ ಮುಂಚೆ ಆಗಲಿ. ಪೇಠೆಗಳ ಹಳೇ ವಾಡೆಗಳಲ್ಲಿ ಗೋಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ತೇವ ಹಿಡಿದಿರುತ್ತೆ, ನೆಲಕ್ಕೆ ಇಟ್ಟ ಪುಸ್ತಕಕ್ಕೆ ಬೂಷ್ಟು, ಕೊರಿಯರ್ ಬಂದ ರಟ್ಟಿನ ಡಬ್ಬದಲ್ಲಿ ಜಿರಲೆ. ರಟ್ಟಿನ ಡಬ್ಬ ಎಲ್ಲಾ ಹೊರಗೆ ಹಾಕು, ಉಳಿದ ಪುಸ್ತಕ ಒಂದು ಟ್ರಂಕಿಗೆ ಹಾಕಿ ಕೆಳಗೆ ಎರಡು ಇಟ್ಟಿಗೆ ಕೊಡು.

ಟ್ರಂಕ್ ಅಂದ ಕೂಡಲೇ ಮುಂಬಯಿ ನೆನಪಾಯ್ತು. ಅಲ್ಲಿ ಉಡುಪಿ ಹೋಟೆಲ್‌ಗಳಲ್ಲಿ ದುಡಿದು ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮಾಡಿದ ಕನ್ನಡದ ಹುಡುಗರ ಒಂದು ಪೀಳಿಗೆಯೇ ಇತ್ತು, ಹೋಟೆಲ್ ಬಾಗಿಲು ಹಾಕಿದ ಮೇಲೆ ಅಲ್ಲೇ ಮೇಜು ಬೆಂಚು ಸರಿಸಿ ಮಲಗೋದು, ಸ್ವಂತದ್ದು ಅಂತ ಒಂದು ಟ್ರಂಕ್. ಪರಳ್, ಲಾಲ್‌ಬಾಗ್ ಚಾಳುಗಳಲ್ಲಿ ಬಟ್ಟೆ ಗಿರಣಿ ಕೆಲಸದವರು ಒಂದೇ ಖೋಲಿಯಲ್ಲಿ ಪಾಳಿ ಪ್ರಕಾರ ಮಲಗ್ತಿದ್ರು. ಕೆಲವರು ಇದನ್ನ ಈಗ ಸರಳ ಜೀವನ ಅಂತ ಹೊಗಳ್ತಾರೆ, ನನಗೆ ಅದು ಸೇರಲ್ಲ, ಅದು ಬಡತನ, ಅವರಿಗೆ ಬೇರೆ ದಾರಿ ಇರಲಿಲ್ಲ. ನಿನಗೆ ಹೇಳೋಕೆ ಹೊರಟದ್ದು ಇಷ್ಟೇ, ಆ ಟ್ರಂಕ್ ಮೇಲೆ ಇನ್ನೊಬ್ಬ ಕೈ ಹಾಕ್ತಿರಲಿಲ್ಲ. ಹತ್ತು ಮಂದಿ ಇರೋ ಖೋಲಿಯಲ್ಲಿ ಜಗಳ ಆಗದೆ ಇರೋಕೆ ಆ ಒಂದು ಕಟ್ಟುಪಾಡು ಬೇಕಿತ್ತು. ನಿನ್ನ ರೂಮಲ್ಲೂ ಬೇಕು. ರೂಮ್‌ಮೇಟ್ ನೀನಿಲ್ಲದಾಗ ನಿನ್ನ ಸಾಮಾನು ಎತ್ತಿ ಬಾಲ್ಕನಿಗೆ ಇಟ್ಟಳು ಅಂತ ಬರೆದಿದ್ದೀಯ, ಅದು ತಪ್ಪು, ಕೂತು ಮಾತಾಡಿ ಹೇಳು. ಹಾಗೇ ನಿನ್ನ ಕೌದಿ ಅವಳ ಕಾಟಿನ ಮೇಲೆ ಒಣಗಬಾರದು. ಮೂವರೂ ಸೇರಿ ಬಾಗಿಲ ಹತ್ರದ ಜಾಗ ಮತ್ತೆ ಕಿಟಕಿ ಕಟ್ಟೆ ಯಾರದೂ ಅಲ್ಲ, ಅಲ್ಲಿ ಏನೂ ಇಡೋ ಹಾಗಿಲ್ಲ ಅಂತ ಮಾಡ್ಕೊಳ್ಳಿ, ಗಾಳಿ ಬರಲಿ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಇದೆಲ್ಲ ಮಾಡಿದ ಮೇಲೂ ಪರೀಕ್ಷೆ ಹಾಗೇ ಇರುತ್ತೆ, ಮೊದಲನೇ ಗ್ರೂಪಿನ ಮೂರೂ ಪೇಪರ್ ಹಾಗೇ ಇರ್ತವೆ. ಮಂಚ ಖಾಲಿ ಆದ್ರೆ ನಿದ್ದೆ ಬರಬಹುದು, ಓದೋಕೆ ಕೂರೋದು ಸಲೀಸಾಗಬಹುದು. ಆದ್ರೆ ನಿನ್ನ ಪತ್ರದ ಕೊನೆಗೆ ಉಣ್ಣೋಕೂ ಮನಸ್ಸಿಲ್ಲ, ಬೆಳಗಿನ ಜಾವ ಎಚ್ಚರ ಆಗಿ ಎದೆ ಬಡ್ಕೊಳ್ಳುತ್ತೆ ಅಂತ ಇದೆ. ಅದು ವಾರಗಟ್ಟಲೆ ನಡೀತಿದ್ರೆ ರೂಮ್ ಚೊಕ್ಕಟ ಮಾಡೋದರಿಂದ ಹೋಗೋ ಬಾಧೆ ಅಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಅಂತ ಸಹಾಯವಾಣಿ ಇದೆ, 14416, 2022ರ ಅಕ್ಟೋಬರ್‌ನಿಂದ ನಡೀತಿದೆ, ಕಾಲ್‌ಗೆ ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡ ಆರಿಸ್ಕೊಂಡು ಮಾತಾಡಬಹುದು. ಈ ವಾರವೇ ಮಾಡು. ನಾಚಿಕೆ ಪಡೋಂಥದ್ದು ಏನೂ ಇಲ್ಲ, ಜ್ವರ ಬಂದ್ರೆ ಡಾಕ್ಟರ್ ಹತ್ರ ಹೋಗಲ್ವಾ.

ಡಬ್ಬಿ ವಿಷಯ ಉಳೀತು. ಸಾಕು ಅಂತ ಹೇಳಬೇಡ, ಅವ್ವ ಬೇಜಾರು ಮಾಡ್ಕೋತಾಳೆ, ಮತ್ತೆ ಮೆಸ್ ಊಟದ ಪಕ್ಕ ಶೇಂಗಾ ಹಿಂಡಿ (ಚಟ್ನಿಪುಡಿ) ನಿನಗೂ ಬೇಕು. ಏನು ಕಳಿಸಬೇಕು ಅಂತ ಹೇಳು. ಖಡಕ್ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ರೆ ಡಬ್ಬಿನೇ ಬೇಡ, ಹಿಂಡಿ ಒಂದು ಸ್ಟೀಲ್ ಡಬ್ಬಿಯಲ್ಲಿ, ಗುರೆಳ್ಳು ಖಾಲಿ ಆದ್ಮೇಲೆ ಫೋನ್ ಮಾಡ್ತೀನಿ ಅನ್ನು. ಈಗಿರೋ ಖಾಲಿ ಡಬ್ಬಿ ಎಲ್ಲಾ ತೊಳೆದು ಬಿಸಿಲಿಗಿಟ್ಟು ಒಂದರೊಳಗೆ ಒಂದು ಹಾಕಿದ್ರೆ ಎರಡಾಗ್ತವೆ. ಪುಣೆಯಿಂದ ವಿಜಯಪುರದ ಕಡೆ ರಾತ್ರಿ ಬಸ್ಸಿಗೆ ನಿಮ್ಮೂರಿನವರು ಯಾರಾದ್ರೂ ಹೊರಟೇ ಇರ್ತಾರೆ, ಅವರ ಕೈಲಿ ಕೊಟ್ಟು ಕಳಿಸು, ಪ್ರತಿ ಸಲ ತುಂಬಿದ ಡಬ್ಬಿ ಬಂದಾಗ ಖಾಲಿ ಡಬ್ಬಿ ಅದೇ ಕೈಯಲ್ಲಿ ವಾಪಸ್. ಅವ್ವಗೂ ಡಬ್ಬಿ ಬೇಕಾಗಿರುತ್ತೆ, ಕೇಳಿ ನೋಡು.