ದನಿ ಕೇಳಿಸುವ ಅಣ್ಣ ರೂಮು ಬಿಟ್ಟು ಬರುವುದಿಲ್ಲ, ಜನರ ಜೊತೆ ಬೆರೆಸಬೇಕಾ, ಅವನ ಪಾಡಿಗೆ ಬಿಡಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಅಣ್ಣನಿಗೆ ಮಾತ್ರೆ ಶುರುವಾಗಿ ಏಳೆಂಟು ತಿಂಗಳಾಗಿದೆ, ಕೂಗಾಟ, ಅನುಮಾನ ಎಲ್ಲ ತಗ್ಗಿದೆ, ಆದರೆ ದಿನವಿಡೀ ಒಬ್ಬನೇ ಬಾಗಿಲು ಹಾಕಿಕೊಂಡು ಇರುತ್ತಾನೆ. ಮುಂದಿನ ತಿಂಗಳು ನೆಂಟರ ಮದುವೆಗೆ ಹೇಗಾದರೂ ಕರೆದುಕೊಂಡು ಹೋಗೋಣ, ನಾಲ್ಕು ಜನರ ಜೊತೆ ಬೆರೆತರೆ ಸರಿಹೋಗುತ್ತಾನೆ ಅಂತ ಅಪ್ಪ, ಸುಮ್ನೆ ಬಿಟ್ಟುಬಿಡಿ ಅಂತ ಅಮ್ಮ. ಯಾರ ಮಾತು ಕೇಳಲಿ ಅಂತ ನೀವು.

ಎಳೆದುಕೊಂಡು ಹೋಗುವುದು ಬೇಡ. ಒಂಟಿಯಾಗಿ ಬಿಡುವುದೂ ಬೇಡ. ನನ್ನ ತಮ್ಮನಿಗೂ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದೆ, ವರ್ಷಗಳಿಂದ ಜೊತೆಯಲ್ಲೇ ಇದ್ದೇನೆ. ನಾನು ಡಾಕ್ಟರ್ ಅಲ್ಲ, ಕಂಡದ್ದನ್ನೂ ಓದಿ ತಿಳಿದದ್ದನ್ನೂ ಹೇಳುತ್ತೇನೆ.

ಅಣ್ಣನಿಗೆ ಯಾರೂ ಸೋಮಾರಿ ಅನ್ನದಿರಲಿ. ಇಲ್ಲದ ದನಿ ಕೇಳಿಸುವುದು, ಯಾರೋ ಸಂಚು ಮಾಡುತ್ತಿದ್ದಾರೆ ಅನಿಸುವುದು, ಇವಕ್ಕೆ ಸಾಮಾನ್ಯವಾಗಿ ಮಾತ್ರೆ ಹಿಡಿಯುತ್ತದೆ. ಆದರೆ ಯಾವುದರಲ್ಲೂ ಆಸೆ ಇಲ್ಲದಿರುವುದು, ಮಾತು ಕಡಿಮೆಯಾಗುವುದು, ಜನ ಬೇಡ ಅನಿಸುವುದು, ಇವೂ ಅದೇ ಕಾಯಿಲೆಯ ಲಕ್ಷಣಗಳು, ಮತ್ತು ಮಾತ್ರೆಗೆ ಇವು ಅಷ್ಟು ಬಗ್ಗುವುದಿಲ್ಲ. ಅದರ ಮೇಲೆ ಮಾತ್ರೆಯ ಮಂಪರು ಬೇರೆ. ನಾಚಿಕೆಯೂ ಇರುತ್ತದೆ, ಕಾಯಿಲೆ ಜೋರಿದ್ದಾಗ ಬೀದಿಯಲ್ಲಿ ನಿಂತು ಕೂಗಾಡಿದ್ದು ಅವನಿಗೂ ನೆನಪಿರುತ್ತದೆ ಅಲ್ವಾ.

ಹೀಗಿರುವಾಗ ಮದುವೆ ಮನೆ ಅಂದರೆ ಏನು ಯೋಚಿಸಿ. ವಾಲಗ, ಮೈಕು, ಊಟದ ಪಂಕ್ತಿಯ ನೂಕುನುಗ್ಗಲು. 'ಈಗ ಏನ್ ಮಾಡ್ಕೊಂಡಿದ್ದೀಯಪ್ಪಾ?', 'ದಪ್ಪ ಆಗಿದ್ದೀಯಲ್ಲೋ', 'ನಿಂದ್ಯಾವಾಗ ಊಟ ಹಾಕಿಸ್ತೀಯ?' ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅಂತ ಹೆದರುವವನನ್ನು ನಿಜವಾಗಿಯೂ ಎಲ್ಲರೂ ನೋಡುವ ಜಾಗಕ್ಕೆ ಕರೆದುಕೊಂಡು ಹೋದ ಹಾಗಾಗುತ್ತದೆ. ಬೇಕಿದ್ದರೆ ಮದುವೆ ಮುಗಿದ ಮೇಲೆ ಹುಡುಗ ಹುಡುಗಿಯನ್ನೇ ಒಂದು ಸಂಜೆ ಮನೆಗೆ ಕರೆಯಿರಿ.

ಹಾಗಂತ ಒಬ್ಬನೇ ಇದ್ದರೆ ದನಿಗಳಿಗೆ ಎದುರಾಡುವವರೇ ಇರುವುದಿಲ್ಲ. ನನ್ನ ತಮ್ಮ ಈಗಲೂ ಕಾಫಿ ಕುಡಿಯುತ್ತಾ ತಟ್ಟನೆ ನಿಲ್ಲಿಸಿ, 'ಅಕ್ಕಾ, ಈಗ ಯಾರಾದ್ರೂ ಕರೆದ್ರಾ?' ಅಂತ ಕೇಳುತ್ತಾನೆ. 'ಇಲ್ಲ ಮಾರಾಯ, ನಂಗೆ ಕೇಳಿಸ್ಲಿಲ್ಲ.' 'ಹಾಗಾದ್ರೆ ಅದೇ ಇರಬೇಕು' ಅಂತ ಮತ್ತೆ ಲೋಟ ಎತ್ತುತ್ತಾನೆ. ಇಷ್ಟೇ. ಆದರೆ ಹೀಗೆ ಕೇಳಲು ನಂಬಿಕೆಯ ಒಂದು ಜೀವ ಪಕ್ಕದಲ್ಲಿರಬೇಕು, ಬಾಗಿಲು ಹಾಕಿಕೊಂಡ ರೂಮಿನಲ್ಲಿ ಯಾರನ್ನು ಕೇಳುತ್ತಾನೆ?

ನಮ್ಮಲ್ಲಿ ಹಿಡಿಸಿದ್ದು ಅಡಿಕೆ ಆರಿಸುವ ಕೆಲಸ. ನಮ್ಮದು ಮಲೆನಾಡಿನ ಕಡೆ. ಬೇಯಿಸಿ ಒಣಗಿಸಿದ ಅಡಿಕೆಯನ್ನು ಪಕ್ಕದ ಮನೆಯಲ್ಲಿ ಸುರಿದುಕೊಂಡು ಬೆಟ್ಟೆ ಬೇರೆ, ಗೊರಬಲು ಬೇರೆ ಅಂತ ಒಂದೊಂದು ದರ್ಜೆಯನ್ನೂ ಆರಿಸುತ್ತಾ ಕೂರುತ್ತಾರೆ. ಅಲ್ಲಿ ಎಲ್ಲರ ಕಣ್ಣು ಅಡಿಕೆ ಮೇಲೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮಾತು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ ಮನೆಯ ದೊಡ್ಡಮ್ಮ 'ಬಾ ತಮ್ಮಾ, ಕೂತ್ಕ' ಅಂದರು, ಅಷ್ಟೇ. ಮೊದಮೊದಲು ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತಿದ್ದ. ಯಾಕೆ ಎದ್ದೆ ಅಂತ ಒಬ್ಬರೂ ಕೇಳಲಿಲ್ಲ, ಅವರಿಗೆ ಈಗಲೂ ನಾನು ಋಣಿ. ಆಮೇಲಾಮೇಲೆ 'ಇದು ಬೆಟ್ಟೆ ಅಲ್ಲ, ನೋಡಿ' ಅಂತ ಬೇರೆಯವರ ಗುಡ್ಡೆಯನ್ನೇ ತಿದ್ದಲು ಶುರು ಮಾಡಿದ. ನೀವು ಪೇಟೆಯವರಾದರೆ ಅವರೆಕಾಯಿ ಬಿಡಿಸುವುದೋ, ಗೊತ್ತಿರುವವರ ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದೋ, ಜೊತೆಯಲ್ಲಿ ಹಾಲಿನ ಬೂತಿಗೆ ಹೋಗಿ ಬರುವುದೋ, ಏನಾದರೂ ಸರಿ. ಕೈಗೆ ಕೆಲಸ ಇರಬೇಕು, ಪಕ್ಕದಲ್ಲಿ ಒಬ್ಬಿಬ್ಬರೇ ಇರಬೇಕು, ಯಾವಾಗ ಬೇಕಾದರೂ ಎದ್ದು ಬರುವ ಹಾಗಿರಬೇಕು. ಬೆಳಿಗ್ಗೆ ಮಂಪರಿದ್ದರೆ ಸಂಜೆಗೆ ಇಟ್ಟುಕೊಳ್ಳಿ.

ಹಳೇ ಗೆಳೆಯ ಒಬ್ಬನಿದ್ದರೂ ಸಾಕು. ಪ್ರತಿ ಭಾನುವಾರ ಅದೇ ಹೊತ್ತಿಗೆ ಬಂದು ಹತ್ತು ನಿಮಿಷ ಕ್ರಿಕೆಟ್ ಮಾತಾಡಿ ಹೋಗಲಿ. ಕೆಲಸ, ಮದುವೆ, ಕಾಯಿಲೆ ಬಗ್ಗೆ ಕೇಳಬೇಡ ಅಂತ ಮೊದಲೇ ಹೇಳಿಡಿ. ಅಪರೂಪಕ್ಕೆ ಹತ್ತು ಜನ ಬಂದು ಹೋಗುವುದಕ್ಕಿಂತ ಇದು ಎಷ್ಟೋ ಮೇಲು.

ಮನೆಯೊಳಗಿನ ಮಾತು ಇನ್ನೂ ಮುಖ್ಯ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಂಶೋಧಕರು ಗಮನಿಸಿದ್ದು, ಆಸ್ಪತ್ರೆಯಿಂದ ಅಪ್ಪ ಅಮ್ಮನ ಅಥವಾ ಹೆಂಡತಿಯ ಜೊತೆಗೆ ಹೋದವರಲ್ಲಿ ಕಾಯಿಲೆ ಮರುಕಳಿಸುವುದು, ಬಾಡಿಗೆ ರೂಮಿಗೆ ಹೋದವರಿಗಿಂತ ಜಾಸ್ತಿ ಇತ್ತು! ಮುಂದೆ 1976ರಲ್ಲಿ ವಾನ್ ಮತ್ತು ಲೆಫ್ ಎಂಬ ಸಂಶೋಧಕರು ಅದನ್ನೇ ಇನ್ನಷ್ಟು ಬಿಡಿಸಿ ತೋರಿಸಿದರು. ಚುಚ್ಚುಮಾತು, ಸಿಡುಕು, ಉಸಿರುಕಟ್ಟಿಸುವಷ್ಟು ಕಾಳಜಿ ಇರುವ ಮನೆಯಲ್ಲಿ ಮರುಕಳಿಸುವುದು ಜಾಸ್ತಿ, ಅಂಥ ಮನೆಯಲ್ಲಿ ವಾರಕ್ಕೆ 35 ಗಂಟೆಗಿಂತ ಹೆಚ್ಚು ಎದುರುಬದುರು ಇದ್ದರೆ ಇನ್ನೂ ಜಾಸ್ತಿ. ಮನೆಯವರಿಂದ ಕಾಯಿಲೆ ಬಂತು ಅಂತ ಇದರ ಅರ್ಥ ಅಲ್ಲವೇ ಅಲ್ಲ, ದಯವಿಟ್ಟು ಅಮ್ಮನಿಗೆ ಹಾಗೆ ಹೇಳಬೇಡಿ. ಕಾಯಿಲೆ ಬಗ್ಗೆ ಮನೆಯವರಿಗೆ ತಿಳಿಸಿ ಹೇಳಿಕೊಟ್ಟರೆ ಮರುಕಳಿಸುವುದು ಕಡಿಮೆಯಾಗುತ್ತದೆ ಅನ್ನುವುದೂ ಆಮೇಲೆ ಗೊತ್ತಾಗಿದೆ. ಅಮ್ಮ ದಿನಾ ಒಂದೆರಡು ಗಂಟೆ ಭಜನೆಗೋ ಸಂಘದ ಸಭೆಗೋ ಹೊರಗೆ ಹೋಗಿ ಬರಲಿ. ಅವರಿಗೂ ಒಳ್ಳೆಯದು, ಅಣ್ಣನಿಗೂ ಒಳ್ಳೆಯದು.

ದನಿಗಳ ವಿಷಯ ಎತ್ತಿದರೆ ಹೆಚ್ಚಾಗುತ್ತದೆ ಅಂತ ಹೆದರಬೇಡಿ. ಎಲ್ಲರಿಗೂ ಒಂದೇ ಥರದ ದನಿ ಕೇಳಿಸುವುದಿಲ್ಲ. ತಾನ್ಯಾ ಲೂರ್ಮನ್ ಎಂಬ ಮಾನವಶಾಸ್ತ್ರಜ್ಞೆ ಮತ್ತು ಸಂಗಡಿಗರು ಚೆನ್ನೈ, ಘಾನಾದ ಅಕ್ರಾ, ಅಮೆರಿಕದ ಸ್ಯಾನ್ ಮಟೇಯೊದಲ್ಲಿ ಹೀಗೆ ದನಿ ಕೇಳಿಸುವ ತಲಾ 20 ಜನರನ್ನು ಮಾತಾಡಿಸಿದ್ದರು. ಚೆನ್ನೈನಲ್ಲಿ ಹಲವರಿಗೆ ಕೇಳಿಸುತ್ತಿದ್ದದ್ದು ಮನೆಯವರ, ನೆಂಟರ ದನಿ, ಮನೆಗೆಲಸ ಮಾಡು ಅಂತೆಲ್ಲ ಹೇಳುವ ದನಿ. ಅಮೆರಿಕದವರು ಹೇಳಿದ್ದರಲ್ಲಿ ಹಿಂಸೆಯ ಮಾತು ಜಾಸ್ತಿ. ನಿಮ್ಮ ಅಣ್ಣನಿಗೆ ಕೇಳಿಸುವುದು ಯಾರ ದನಿ, ಏನು ಹೇಳುತ್ತದೆ ಅಂತ ನಿಧಾನವಾಗಿ ಕೇಳಿ. ವಾದಕ್ಕೆ ಇಳಿಯಬೇಡಿ, ಹೌದು ಹೌದು ಅಂತ ತಲೆಯನ್ನೂ ಆಡಿಸಬೇಡಿ. 'ನಂಗೇನೂ ಕೇಳಿಸ್ತಿಲ್ಲ, ಆದ್ರೆ ನಿಂಗೆ ಹೆದರಿಕೆ ಆಗಿದೆ ಅಂತ ಗೊತ್ತಾಗುತ್ತೆ, ಇಲ್ಲೇ ಕೂತಿರ್ತೀನಿ' ಅಂದರೆ ಸಾಕು.

ಮಂಪರಿನ ಬಗ್ಗೆ ಡಾಕ್ಟರಿಗೆ ಹೇಳಿ, ಮಾತ್ರೆಯ ಹೊತ್ತನ್ನೋ ಪ್ರಮಾಣವನ್ನೋ ಅವರು ಬದಲಿಸಬಹುದು. ನೀವೇ ಕಡಿಮೆ ಮಾಡಬೇಡಿ. ಬೆಂಗಳೂರಿಗೆ ಹೋಗಿಬರಲು ಆಗುವುದಾದರೆ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗ ನೋಡಿ, ಅಲ್ಲಿ ಬೇಕರಿ, ಹೊಲಿಗೆಯಂಥ ಕೆಲಸಗಳಲ್ಲಿ ತೊಡಗಿಸುತ್ತಾರೆ. ದೂರ ಆಗುವುದಾದರೆ ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಯಾವಾಗ ಬರುತ್ತಾರೆ ಅಂತ ವಿಚಾರಿಸಿ, ಸಾಮಾನ್ಯವಾಗಿ ಮಂಗಳವಾರ. ರಾತ್ರಿ ನಿದ್ದೆ ಪೂರ್ತಿ ಬಿಟ್ಟರೆ, ಊಟ ಬಿಟ್ಟರೆ, ಸಾಯಿ ಅಂತಲೋ ಯಾರಿಗಾದರೂ ಹೊಡಿ ಅಂತಲೋ ದನಿ ಹೇಳುತ್ತಿದೆ ಅಂದರೆ ಒಬ್ಬನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನು ಮಾಡಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.